ಇ-ಸಿಗರೇಟ್ ದ್ರವದ ಸುವಾಸನೆಗಳಿಂದ ಪ್ಲಾಸ್ಟಿಕ್ ಟ್ಯಾಂಕ್ ಬಿರುಕು ಬಿಡುವ ಬಗ್ಗೆ: ಸಾರ್ವಜನಿಕರ ಮಾಹಿತಿಗಾಗಿ

ಪೀಠಿಕೆ

ವಿದ್ಯುನ್ಮಾನ ಸಿಗರೇಟ್, ಅಂದರೆ ಇ-ಸಿಗರೇಟ್ ಅಥವಾ ವೇಪ್ ಎಂದು ಕರೆಯಲಾಗುವ ಉಪಕರಣವು ಭಾರತದಲ್ಲಿ 2019ರಿಂದ ನಿಷೇಧಿತ ವಸ್ತುವಾಗಿದೆ. ಆದಾಗ್ಯೂ, ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿ.ಟಿ.ಎಂ. ಬಡಾವಣೆಯಂತಹ ಕಾಲೇಜುಗಳು, ವಿದ್ಯಾರ್ಥಿನಿಲಯಗಳು ಹಾಗೂ ಪಿ.ಜಿ. ವಸತಿಗೃಹಗಳು ಹೆಚ್ಚಾಗಿರುವ ಪ್ರದೇಶಗಳಲ್ಲಿ ಇಂತಹ ಉಪಕರಣವು ಪೋಷಕರ ಅಥವಾ ವಸತಿಗೃಹ ನಡೆಸುವವರ ಕೈಗೆ ಸಿಗುವ ಸಂದರ್ಭಗಳು ಇಲ್ಲದಿಲ್ಲ. ಬಹುತೇಕ ಬಾರಿ ಅದು ಹೊಗೆಯಿಂದ ಪತ್ತೆಯಾಗುವುದಿಲ್ಲ. ಮಗನ ಚೀಲದ ತಳದಲ್ಲಿ ಅಂಟಂಟಾದ ದ್ರವ, ಬಟ್ಟೆಗೆ ಹತ್ತಿದ ದಾಲ್ಚಿನ್ನಿ ಅಥವಾ ಪುದೀನದ ವಾಸನೆ, ಮಬ್ಬುಗಟ್ಟಿ ಸೀಳಿದ ಪುಟ್ಟ ಪ್ಲಾಸ್ಟಿಕ್ ಕೊಳವೆ - ಇವುಗಳಿಂದಲೇ ಮನೆಯವರಿಗೆ ಮೊದಲು ಅನುಮಾನ ಬರುವುದುಂಟು.

ಈ ಕೊಳವೆ ಏಕೆ ಸೀಳುತ್ತದೆ, ಯಾವ ಸುವಾಸನೆಗಳು ಯಾವ ಬಗೆಯ ಪ್ಲಾಸ್ಟಿಕ್ಕನ್ನು ಕೆಡಿಸುತ್ತವೆ, ಸೋರಿದ ದ್ರವವನ್ನು ಮುಟ್ಟಿದವರಿಗೆ ಏನಾಗಬಹುದು, ಕಾನೂನು ಏನು ಹೇಳುತ್ತದೆ ಹಾಗೂ ಇಂತಹ ವಸ್ತು ಸಿಕ್ಕಲ್ಲಿ ನಾಗರಿಕರು ಅನುಸರಿಸಬೇಕಾದ ಕ್ರಮವೇನು ಎಂಬ ವಿವರಗಳನ್ನು ಈ ಪುಟದಲ್ಲಿ ನೀಡಲಾಗಿದೆ.

ಟ್ಯಾಂಕ್ ಮತ್ತು ದ್ರವ

ಇ-ಸಿಗರೇಟಿನಲ್ಲಿ ಮುಖ್ಯವಾಗಿ ಮೂರು ಭಾಗಗಳಿರುತ್ತವೆ: ಬ್ಯಾಟರಿ, ದ್ರವವನ್ನು ಕಾಯಿಸುವ ಸಣ್ಣ ತಂತಿ ಸುರುಳಿ ಮತ್ತು ದ್ರವ ತುಂಬಿರುವ ಟ್ಯಾಂಕ್. ಟ್ಯಾಂಕಿನಲ್ಲಿ ಸಾಮಾನ್ಯವಾಗಿ 2 ಮಿಲಿಲೀಟರ್ ಆಸುಪಾಸಿನ ದ್ರವ ಹಿಡಿಯುತ್ತದೆ; ಒಮ್ಮೆ ಬಳಸಿ ಎಸೆಯುವ ಮಾದರಿಗಳಲ್ಲಿ ಇದಕ್ಕಿಂತ ಹೆಚ್ಚು ಇರುವುದೂ ಉಂಟು. ದ್ರವದ ಬಹುಭಾಗ ಪ್ರೊಪೈಲೀನ್ ಗ್ಲೈಕಾಲ್ ಮತ್ತು ಗ್ಲಿಸರಿನ್. ಇವೆರಡರ ಜೊತೆಗೆ ನಿಕೋಟಿನ್ ಹಾಗೂ ಸುವಾಸನೆ ದ್ರವ್ಯಗಳನ್ನು ಬೆರೆಸಲಾಗಿರುತ್ತದೆ.

ಗ್ಲಿಸರಿನ್ ಪ್ಲಾಸ್ಟಿಕ್ಕಿಗೆ ಹಾನಿ ಮಾಡುವುದಿಲ್ಲ. ಪ್ರೊಪೈಲೀನ್ ಗ್ಲೈಕಾಲ್‌ನ ಪರಿಣಾಮವೂ ಅಲ್ಪ. ಟ್ಯಾಂಕನ್ನು ಕೆಡಿಸುವುದು ಪ್ರಮಾಣದಲ್ಲಿ ಕಡಿಮೆ ಇರುವ ಸುವಾಸನೆಯ ಭಾಗವೇ ಆಗಿದೆ. ಸುವಾಸನೆ ಎಂಬ ಪದದಿಂದ ಅದೊಂದು ಹಗುರವಾದ, ನಿರುಪದ್ರವಿಯಾದ ಸಂಗತಿ ಎಂಬ ಭಾವನೆ ಬರುವುದು ಸಹಜ. ರಸಾಯನಶಾಸ್ತ್ರದ ದೃಷ್ಟಿಯಿಂದ ನೋಡಿದಲ್ಲಿ ಇವುಗಳಲ್ಲಿ ಹಲವು ಒಳ್ಳೆಯ ದ್ರಾವಕಗಳು. ಬಣ್ಣ ಕರಗಿಸುವ ತಿನ್ನರ್ ಮತ್ತು ಉಗುರು ಬಣ್ಣ ಅಳಿಸುವ ಅಸಿಟೋನ್ ಮಾಡುವ ಕೆಲಸವನ್ನೇ ಇವು ನಿಧಾನವಾಗಿ ಮಾಡುತ್ತವೆ.

ಅಡುಗೆಮನೆಯಲ್ಲಿ ಕಾಣುವ ಉದಾಹರಣೆ

ಈ ವಿಷಯವನ್ನು ಅರಿಯಲು ಇ-ಸಿಗರೇಟನ್ನು ನೋಡಿರಬೇಕಾದ ಅಗತ್ಯವಿಲ್ಲ. ಬಿಸಿಬೇಳೆಬಾತಿನ ಪುಡಿಗಾಗಿ ಲವಂಗ, ಚಕ್ಕೆಗಳನ್ನು ಪಾರದರ್ಶಕ ಪ್ಲಾಸ್ಟಿಕ್ ಜಾರಿನಲ್ಲಿ ಪದೇ ಪದೇ ಪುಡಿ ಮಾಡಿದ ಮನೆಗಳಲ್ಲಿ ಜಾರಿನ ಒಳಮೈ ಅಥವಾ ಮುಚ್ಚಳ ಮಂಜು ಕವಿದಂತೆ ಆಗಿರುವುದನ್ನು ಗೃಹಿಣಿಯರು ಗಮನಿಸಿರುತ್ತಾರೆ. ಎಷ್ಟು ತಿಕ್ಕಿ ತೊಳೆದರೂ ಆ ಮಬ್ಬು ಹೋಗುವುದಿಲ್ಲ. ಅದು ಕೊಳೆಯಲ್ಲ, ಲವಂಗದ ಎಣ್ಣೆಯು ಪ್ಲಾಸ್ಟಿಕ್ಕಿನ ಮೇಲ್ಮೈಯನ್ನು ಮೃದುಗೊಳಿಸಿ ಕೊರೆದ ಗುರುತು. ಸ್ಟೀಲ್ ಜಾರಿನಲ್ಲಿ ಇದೇ ಪುಡಿ ವರ್ಷಗಟ್ಟಲೆ ಮಾಡಿದರೂ ಇಂತಹ ಗುರುತು ಬೀಳುವುದಿಲ್ಲ.

ಕಿತ್ತಳೆ ಹಣ್ಣಿನ ಸಿಪ್ಪೆಯನ್ನು ಥರ್ಮೋಕೋಲ್ ತುಂಡಿನ ಮೇಲೆ ಹಿಂಡಿದರೆ ಎಣ್ಣೆಯ ಹನಿ ಬಿದ್ದ ಜಾಗದಲ್ಲಿ ಥರ್ಮೋಕೋಲ್ ಕುಗ್ಗಿ ಕರಗುವುದನ್ನು ಶಾಲಾ ಮಕ್ಕಳು ಪ್ರಯೋಗವಾಗಿ ಮಾಡಿ ನೋಡುವುದುಂಟು. ಕಿತ್ತಳೆ ಸಿಪ್ಪೆಯ ಎಣ್ಣೆಯಲ್ಲಿ ನೂರಕ್ಕೆ 90ಕ್ಕಿಂತ ಹೆಚ್ಚು ಭಾಗ ಇರುವುದು ಲಿಮೊನೀನ್ ಎಂಬ ವಸ್ತು. ಥರ್ಮೋಕೋಲ್ ಪಾಲಿಸ್ಟೈರೀನ್ ಎಂಬ ಪ್ಲಾಸ್ಟಿಕ್ಕಿನ ನೊರೆಯ ರೂಪ. ಲಿಮೊನೀನ್ ಪಾಲಿಸ್ಟೈರೀನನ್ನು ಎಷ್ಟು ಸಲೀಸಾಗಿ ಕರಗಿಸುತ್ತದೆ ಎಂದರೆ, ಬಳಸಿದ ಥರ್ಮೋಕೋಲನ್ನು ಮರುಬಳಕೆಗಾಗಿ ಕರಗಿಸಲು ಅದನ್ನೇ ಉಪಯೋಗಿಸುವ ವಿಧಾನವೂ ಇದೆ.

ಔಷಧಿ ಅಂಗಡಿಯಲ್ಲಿ ಹಲ್ಲುನೋವಿಗೆ ಕೊಡುವ ಲವಂಗದ ಎಣ್ಣೆ ಚಿಕ್ಕ ಗಾಜಿನ ಸೀಸೆಯಲ್ಲಿ ಬರುವುದು, ಅತ್ತರನ್ನು ಗಾಜಿನಲ್ಲಿಯೇ ಇಡುವುದು ಬರೀ ಸಂಪ್ರದಾಯವಲ್ಲ. ಹಿಂದಿನವರು ಅನುಭವದಿಂದ ಕಂಡುಕೊಂಡ ಕ್ರಮವದು.

ಬಿರುಕು ಉಂಟಾಗುವ ಬಗೆ

ಎಲ್ಲಾ ಪ್ಲಾಸ್ಟಿಕ್ ಒಂದೇ ಅಲ್ಲ. ಗಾಜಿನಂತೆ ಪಾರದರ್ಶಕವಾಗಿ ಹೊಳೆಯುವ ಪಾಲಿಕಾರ್ಬೊನೇಟ್, ಅಕ್ರಿಲಿಕ್ ಮತ್ತು ಪಾಲಿಸ್ಟೈರೀನ್‌ಗಳಲ್ಲಿ ಅಣುಗಳ ಉದ್ದನೆಯ ಎಳೆಗಳು ನೂಲಿನ ಉಂಡೆಯಂತೆ ಅಡ್ಡಾದಿಡ್ಡಿಯಾಗಿ ಹೆಣೆದುಕೊಂಡಿರುತ್ತವೆ. ಎಳೆಗಳ ನಡುವೆ ಸಣ್ಣ ದ್ರಾವಕ ಅಣುಗಳು ನುಸುಳಲು ಎಡೆಯಿರುತ್ತದೆ. ಹಾಲಿನಂತೆ ಅರೆಪಾರದರ್ಶಕವಾಗಿ ಕಾಣುವ ಪಾಲಿಪ್ರೊಪೈಲೀನ್ ಮತ್ತು ಪಾಲಿಎಥಿಲೀನ್‌ಗಳಲ್ಲಿ ಎಳೆಗಳ ಹೆಚ್ಚಿನ ಭಾಗ ಒಪ್ಪವಾಗಿ ಮಡಚಿ ಒತ್ತಾಗಿ ಕುಳಿತಿರುವುದರಿಂದ ಅವು ಇಂತಹ ದ್ರವಗಳನ್ನು ಬಹುಮಟ್ಟಿಗೆ ತಾಳಿಕೊಳ್ಳುತ್ತವೆ.

ಟ್ಯಾಂಕನ್ನು ಅಚ್ಚಿನಲ್ಲಿ ಎರಕ ಹೊಯ್ದು ಬೇಗನೆ ತಣಿಸಿದಾಗ ಪ್ಲಾಸ್ಟಿಕ್ಕಿನೊಳಗೆ ಒಂದು ಬಗೆಯ ಬಿಗಿತ ಉಳಿದುಬಿಡುತ್ತದೆ. ತಿರುಪು ಹಾಕಿ ಬಿಗಿ ಮಾಡುವ ಅಂಚಿನಲ್ಲಿ ಈ ಬಿಗಿತ ಇನ್ನಷ್ಟು ಹೆಚ್ಚು. ಸಾಮಾನ್ಯ ಸ್ಥಿತಿಯಲ್ಲಿ ಎಳೆಗಳು ಪರಸ್ಪರ ಹಿಡಿದುಕೊಂಡಿರುವುದರಿಂದ ಏನೂ ಆಗುವುದಿಲ್ಲ. ದ್ರಾವಕ ಅಣುಗಳು ನಡುವೆ ಸೇರಿ ಆ ಹಿಡಿತವನ್ನು ಸಡಿಲಿಸಿದೊಡನೆ ಒಳಗಿನ ಬಿಗಿತವೇ ಪ್ಲಾಸ್ಟಿಕ್ಕನ್ನು ಸೀಳುತ್ತದೆ. ಇದನ್ನು ತಂತ್ರಜ್ಞರು ಪರಿಸರಜನ್ಯ ಒತ್ತಡ ಬಿರುಕು ಎಂದು ಕರೆಯುತ್ತಾರೆ. ಹೊರಗಿನಿಂದ ಪೆಟ್ಟು ಬೀಳದೆಯೇ, ಮೇಜಿನ ಮೇಲೆ ಸುಮ್ಮನೆ ಇಟ್ಟ ಟ್ಯಾಂಕ್ ರಾತ್ರಿ ಬೆಳಗಾಗುವುದರೊಳಗೆ ಒಡೆದಿರುವುದಕ್ಕೆ ಇದೇ ಕಾರಣ.

ಮೊದಲು ಒಳಮೈ ಮಬ್ಬಾಗುತ್ತದೆ. ನಂತರ ತಿರುಪಿನ ಅಂಚಿನಿಂದ ಕೂದಲೆಳೆಯಷ್ಟು ತೆಳುವಾದ ಗೆರೆಗಳು ಮೇಲೇಳುತ್ತವೆ. ಕಡೆಗೆ ಗೆರೆಗಳು ಒಂದಕ್ಕೊಂದು ಕೂಡಿ ಆರಪಾರ ಬಿರುಕಾಗಿ ದ್ರವ ಸೋರುತ್ತದೆ. ಸುವಾಸನೆ ತೀಕ್ಷ್ಣವಾಗಿದ್ದಲ್ಲಿ ಇದೆಲ್ಲವೂ ಕೆಲವೇ ಗಂಟೆಗಳಲ್ಲಿ ನಡೆಯಬಹುದು. ಸೌಮ್ಯವಾಗಿದ್ದಲ್ಲಿ ವಾರಗಳು ಹಿಡಿಯಬಹುದು. ಬಿಸಿಲಿಗೆ ನಿಲ್ಲಿಸಿದ ವಾಹನದೊಳಗಿನ ಶಾಖ ಈ ಕ್ರಿಯೆಯನ್ನು ಚುರುಕುಗೊಳಿಸುತ್ತದೆ.

ಟ್ಯಾಂಕ್ ಒಡೆಯದೆಯೂ ಸೋರಿಕೆ ಆಗಬಹುದು. ಜೋಡಣೆಯ ಜಾಗದಲ್ಲಿರುವ ಸಿಲಿಕೋನ್ ರಬ್ಬರಿನ ಬಳೆಯಾಕಾರದ ವಾಷರ್‌ಗಳು ಕಿತ್ತಳೆ, ನಿಂಬೆ ಸಿಪ್ಪೆಯ ಎಣ್ಣೆಯಂತಹ ದ್ರವಗಳನ್ನು ಹೀರಿ ಉಬ್ಬುತ್ತವೆ. ಉಬ್ಬಿದ ವಾಷರ್ ತನ್ನ ಜಾಗದಿಂದ ಜರುಗಿದೊಡನೆ ದ್ರವ ಕೆಳಗಿಳಿದು ಬ್ಯಾಟರಿಯ ಸಂಪರ್ಕ ಭಾಗವನ್ನು ಸೇರುತ್ತದೆ.

ಹಾನಿ ಮಾಡುವ ಸುವಾಸನೆಗಳು

ದಾಲ್ಚಿನ್ನಿಯ ಸುವಾಸನೆಯನ್ನು ಈ ಪೈಕಿ ಮೊದಲು ಹೇಳಬೇಕು. ಇದರಲ್ಲಿರುವ ಸಿನ್ನಮಾಲ್ಡಿಹೈಡ್ ಎಂಬ ವಸ್ತುವು ಪಾಲಿಕಾರ್ಬೊನೇಟ್ ಮತ್ತು ಅಕ್ರಿಲಿಕ್ ಎರಡನ್ನೂ ಕೆಡಿಸುತ್ತದೆ. ಸಣ್ಣ ಪ್ರಮಾಣವೂ ಸಾಕು. ಲವಂಗದಲ್ಲಿರುವ ಯೂಜಿನಾಲ್ ಇದೇ ಸಾಲಿಗೆ ಸೇರಿದ್ದು.

ಕಿತ್ತಳೆ, ನಿಂಬೆ, ಮೂಸಂಬಿ ಮುಂತಾದ ಹುಳಿಹಣ್ಣುಗಳ ಸುವಾಸನೆ ಎರಡನೆಯದು. ಹಣ್ಣಿನ ಹುಳಿಯಿಂದ ಪ್ಲಾಸ್ಟಿಕ್ ಸವೆಯುತ್ತದೆ ಎಂದು ಹಲವರು ಭಾವಿಸುತ್ತಾರೆ. ಇದು ಸರಿಯಲ್ಲ. ನಿಂಬೆರಸದ ಹುಳಿ ಪ್ಲಾಸ್ಟಿಕ್ ಪಾತ್ರೆಗಳನ್ನು ಬಿರುಕು ಬಿಡಿಸುವುದಿಲ್ಲ. ಹಾನಿ ಬರುವುದು ಸಿಪ್ಪೆಯ ಎಣ್ಣೆಯಿಂದ. ಕೋಲಾ ಸುವಾಸನೆಯಲ್ಲಿ ಕೂಡ ನಿಂಬೆ ಜಾತಿಯ ಎಣ್ಣೆಗಳು ಇರುವುದರಿಂದ ಹೆಸರಿನಲ್ಲಿ ಹಣ್ಣು ಇಲ್ಲದಿದ್ದರೂ ಅದು ಇದೇ ಗುಂಪಿಗೆ ಸೇರುತ್ತದೆ.

ಊಟದ ನಂತರ ಬಾಯಿಗೆ ಹಾಕಿಕೊಳ್ಳುವ ಬಡೇಸೋಂಪಿನ ಪರಿಮಳ ಅನೆಥಾಲ್ ಎಂಬ ವಸ್ತುವಿನದು. ಇದೇ ವಸ್ತು ಸೋಂಪು, ಅತಿಮಧುರದ ಮಿಠಾಯಿಯ ಹೆಸರಿನ ಸುವಾಸನೆಗಳಲ್ಲಿ ಇರುತ್ತದೆ. ಪುದೀನ ಮತ್ತು ಮೆಂಥಾಲ್, ನೋವಿನ ಮುಲಾಮುಗಳಲ್ಲಿ ಬಳಸುವ ವಿಂಟರ್‌ಗ್ರೀನ್ ಎಣ್ಣೆಯ ಮೀಥೈಲ್ ಸ್ಯಾಲಿಸಿಲೇಟ್, ಬಾದಾಮಿ ಹಾಗೂ ಚೆರ್ರಿ ಪರಿಮಳದ ಬೆಂಜಾಲ್ಡಿಹೈಡ್, ಬಾಳೆಹಣ್ಣಿನ ಪರಿಮಳದ ಐಸೊಅಮೈಲ್ ಅಸಿಟೇಟ್ ಇವೂ ಪ್ರಮಾಣ ಹೆಚ್ಚಿದ್ದಲ್ಲಿ ಹಾನಿಕರ. ಅನಾನಸ್ ಪರಿಮಳ ಕೊಡುವ ಎಸ್ಟರ್‌ಗಳ ಗುಣವೂ ಬಾಳೆಹಣ್ಣಿನದನ್ನೇ ಹೋಲುತ್ತದೆ. ವೆನಿಲಾ, ಕೆನೆ, ತಂಬಾಕಿನ ಪರಿಮಳಗಳು ಪ್ಲಾಸ್ಟಿಕ್ಕಿನ ಮಟ್ಟಿಗೆ ಸೌಮ್ಯ. ಉಸಿರಾಟದ ಮಟ್ಟಿಗೆ ಸೌಮ್ಯ ಎಂದು ಇದರ ಅರ್ಥವಲ್ಲ.

ಈ ವ್ಯತ್ಯಾಸವನ್ನು ನಾಗರಿಕರು ವಿಶೇಷವಾಗಿ ಗಮನಿಸತಕ್ಕದ್ದು. ದಾಲ್ಚಿನ್ನಿ, ಲವಂಗ, ಸೋಂಪು ಆಹಾರದಲ್ಲಿ ಶತಮಾನಗಳಿಂದ ಬಳಕೆಯಲ್ಲಿವೆ. ಹೊಟ್ಟೆಗೆ ಹೋಗುವ ವಸ್ತುವನ್ನು ಜಠರ ಮತ್ತು ಯಕೃತ್ತು ಸಂಸ್ಕರಿಸುತ್ತವೆ. ಶ್ವಾಸಕೋಶಕ್ಕೆ ಆ ವ್ಯವಸ್ಥೆ ಇಲ್ಲ. ಅಮೆರಿಕದ ಮಿಸೌರಿ ರಾಜ್ಯದ ಪಾಪ್‌ಕಾರ್ನ್ ಕಾರ್ಖಾನೆಯೊಂದರಲ್ಲಿ ಬೆಣ್ಣೆಯ ಪರಿಮಳಕ್ಕಾಗಿ ಬಳಸುತ್ತಿದ್ದ ಡೈಅಸಿಟೈಲ್‌ನ ಆವಿಯನ್ನು ಉಸಿರಾಡಿದ ಕೆಲಸಗಾರರಲ್ಲಿ ಶ್ವಾಸನಾಳಗಳು ಮುಚ್ಚಿಹೋಗುವ ಗುಣವಾಗದ ಕಾಯಿಲೆ 2000ದಲ್ಲಿ ಪತ್ತೆಯಾಯಿತು. ಆ ಬೆಣ್ಣೆ ಪರಿಮಳ ತಿನ್ನುವವರಿಗೆ ಏನೂ ಮಾಡಿರಲಿಲ್ಲ. ಸಿನ್ನಮಾಲ್ಡಿಹೈಡ್ ಕೂಡ ಶ್ವಾಸನಾಳದ ಜೀವಕೋಶಗಳ ಕಾರ್ಯಕ್ಕೆ ಅಡ್ಡಿ ಮಾಡುತ್ತದೆ ಎಂದು ಪ್ರಯೋಗಾಲಯದ ಅಧ್ಯಯನಗಳು ತೋರಿಸಿವೆ.

ಸೋರಿದ ದ್ರವದ ಅಪಾಯ

ಪ್ಲಾಸ್ಟಿಕ್ ಒಡೆದರೆ ಉಪಕರಣದ ಮಾಲೀಕನಿಗೆ ಹಣ ನಷ್ಟ. ಮನೆಯವರಿಗೆ ಸಂಬಂಧಿಸಿದ ವಿಷಯ ಬೇರೆ. ಸೋರುವ ದ್ರವದಲ್ಲಿ ನಿಕೋಟಿನ್ ಕರಗಿರುತ್ತದೆ ಮತ್ತು ನಿಕೋಟಿನ್ ಚರ್ಮದ ಮೂಲಕ ರಕ್ತವನ್ನು ಸೇರಬಲ್ಲದು.

ಇದು ಕರ್ನಾಟಕದ ಹೊಗೆಸೊಪ್ಪು ಬೆಳೆಗಾರರಿಗೆ ಹೊಸ ಸಂಗತಿಯಲ್ಲ. ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆ ಕಡೆ ಬೆಳೆಯುವ ತಂಬಾಕಿನ ಹಸಿ ಎಲೆಯಲ್ಲಿಯೂ ಇದೇ ನಿಕೋಟಿನ್ ಇದೆ. ಇಬ್ಬನಿ ಅಥವಾ ಮಳೆಯಲ್ಲಿ ನೆನೆದ ಎಲೆಯನ್ನು ಬರಿಗೈಯಲ್ಲಿ ಮುರಿಯುವವರಿಗೆ ವಾಕರಿಕೆ, ವಾಂತಿ, ತಲೆಸುತ್ತು, ನಿತ್ರಾಣ ಉಂಟಾಗುವುದನ್ನು ವೈದ್ಯಶಾಸ್ತ್ರದಲ್ಲಿ ಹಸಿರು ತಂಬಾಕು ಕಾಯಿಲೆ ಎಂದು ಗುರುತಿಸಲಾಗಿದೆ. ಸೇದದೆ, ಅಗಿಯದೆ, ಬರೀ ತೊಗಲಿನ ಮೂಲಕ ಬರುವ ಕಾಯಿಲೆ ಇದು. ಇ-ಸಿಗರೇಟ್ ದ್ರವದಲ್ಲಿ ಆ ನಿಕೋಟಿನನ್ನು ಬೇರ್ಪಡಿಸಿ, ದ್ರವರೂಪದಲ್ಲಿ, ಸಿಹಿ ಪರಿಮಳದೊಡನೆ ತುಂಬಲಾಗಿರುತ್ತದೆ.

ಪ್ರಮಾಣವನ್ನು ಲೆಕ್ಕ ಹಾಕಿ ನೋಡಬಹುದು. ಒಂದು ಮಿಲಿಲೀಟರಿಗೆ 50 ಮಿಲಿಗ್ರಾಂ ನಿಕೋಟಿನ್ ಇರುವ ದ್ರವವು 2 ಮಿಲಿಲೀಟರ್ ಟ್ಯಾಂಕಿನಲ್ಲಿ ತುಂಬಿದ್ದರೆ ಒಟ್ಟು 100 ಮಿಲಿಗ್ರಾಂ ಆಯಿತು. ಒಂದು ಸಾಧಾರಣ ಸಿಗರೇಟನ್ನು ಸೇದಿದಾಗ ಸೇದುವವರ ದೇಹ ಸೇರುವುದು ಸುಮಾರು 1ರಿಂದ 2 ಮಿಲಿಗ್ರಾಂ ಮಾತ್ರ. 20 ಮಿಲಿಗ್ರಾಂ ಸಾಂದ್ರತೆಯ 10 ಮಿಲಿಲೀಟರ್ ಸೀಸೆಯಲ್ಲಿ 200 ಮಿಲಿಗ್ರಾಂ ಇರುತ್ತದೆ. ಹಾಲುಗಲ್ಲದ ಮಗು ಇದರಲ್ಲಿ ಒಂದು ಚಮಚದಷ್ಟನ್ನು ನುಂಗಿದರೂ ಪ್ರಾಣಕ್ಕೆ ಅಪಾಯ. ಬಣ್ಣದ ಕೊಳವೆ, ಮಿಠಾಯಿಯ ವಾಸನೆ, ನೆಲದ ಮೇಲೆ ಬಿದ್ದ ಅಂಟು ಹನಿ - ಅಂಬೆಗಾಲಿಡುವ ಮಗುವನ್ನು ಸೆಳೆಯಲು ಇಷ್ಟು ಸಾಕು.

ಲಕ್ಷಣಗಳು: ವಾಕರಿಕೆ, ವಾಂತಿ, ಜೊಲ್ಲು ಸುರಿಯುವುದು, ಮುಖ ಬಿಳಿಚುವುದು, ಬೆವರು, ನಡುಕ, ಎದೆಬಡಿತ ಹೆಚ್ಚುವುದು. ತೀವ್ರವಾದಲ್ಲಿ ನಿತ್ರಾಣ, ಫಿಟ್ಸ್, ಉಸಿರಾಟಕ್ಕೆ ತೊಂದರೆ.

ತುರ್ತು ಸಂದರ್ಭದಲ್ಲಿ ಮಾಡಬೇಕಾದುದು

ದ್ರವ ಮೈಗೆ ತಗುಲಿದ್ದಲ್ಲಿ ಆ ಬಟ್ಟೆಯನ್ನು ಕೂಡಲೇ ತೆಗೆದು, ತಗುಲಿದ ಭಾಗವನ್ನು ಸೋಪು ಹಾಗೂ ಧಾರಾಳವಾದ ನೀರಿನಿಂದ ತೊಳೆಯಬೇಕು. ಕಣ್ಣಿಗೆ ಬಿದ್ದಲ್ಲಿ ಕನಿಷ್ಠ 15 ನಿಮಿಷ ಹರಿಯುವ ನೀರಿನಲ್ಲಿ ತೊಳೆಯಬೇಕು. ನುಂಗಿದ್ದಲ್ಲಿ ಬಲವಂತವಾಗಿ ವಾಂತಿ ಮಾಡಿಸಬಾರದು. ಉಪ್ಪುನೀರು ಕುಡಿಸುವ ರೂಢಿ ಇದೆ, ಅದನ್ನೂ ಮಾಡಬಾರದು. ಲಕ್ಷಣ ಕಾಣಿಸಲಿ ಎಂದು ಕಾಯದೆ ಆಸ್ಪತ್ರೆಗೆ ಕರೆದೊಯ್ಯಬೇಕು. ಸೀಸೆ ಅಥವಾ ಉಪಕರಣವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಜೊತೆಗೆ ಒಯ್ದಲ್ಲಿ ವೈದ್ಯರಿಗೆ ಅನುಕೂಲ. ಕಾನೂನಿನ ಭಯದಿಂದ ವೈದ್ಯರ ಮುಂದೆ ವಿಷಯ ಮುಚ್ಚಿಡುವುದು ಮಗುವಿಗೆ ಮಾಡುವ ಅಪಕಾರ.

ಆಂಬ್ಯುಲೆನ್ಸ್‌ಗಾಗಿ 108, ತುರ್ತು ನೆರವಿಗಾಗಿ 112 ಸಂಖ್ಯೆಗೆ ಕರೆ ಮಾಡಬಹುದು. ನವದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಲ್ಲಿರುವ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರದ ಉಚಿತ ದೂರವಾಣಿ 1800-116-117. ದಕ್ಷಿಣ ಬೆಂಗಳೂರಿನ ನಿವಾಸಿಗಳಿಗೆ ಜಯನಗರ 4ನೇ ಟಿ ಬ್ಲಾಕಿನ ಸಾರ್ವಜನಿಕ ಆಸ್ಪತ್ರೆ ಹಾಗೂ ಮಕ್ಕಳ ವಿಷಯದಲ್ಲಿ ನಿಮ್ಹಾನ್ಸ್ ಸಮೀಪದ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಹತ್ತಿರದ ಸರ್ಕಾರಿ ಆಸ್ಪತ್ರೆಗಳಾಗಿವೆ.

ಕಾನೂನಿನ ಸ್ಥಿತಿ

ಕರ್ನಾಟಕ ಸರ್ಕಾರವು 2016ರ ಜೂನ್ ತಿಂಗಳಲ್ಲಿಯೇ ರಾಜ್ಯದಲ್ಲಿ ಇ-ಸಿಗರೇಟ್ ಮಾರಾಟವನ್ನು ನಿಷೇಧಿಸಿತು. ಆಗ ದೇಶವ್ಯಾಪಿ ಕಾನೂನು ಇರಲಿಲ್ಲ. ಕೇಂದ್ರ ಸರ್ಕಾರವು 2019ರ ಸೆಪ್ಟೆಂಬರ್ 18ರಂದು ಸುಗ್ರೀವಾಜ್ಞೆ ಹೊರಡಿಸಿತು. ಅದರ ಸ್ಥಾನದಲ್ಲಿ ಸಂಸತ್ತು ಅಂಗೀಕರಿಸಿದ ವಿದ್ಯುನ್ಮಾನ ಸಿಗರೇಟುಗಳ ನಿಷೇಧ ಅಧಿನಿಯಮಕ್ಕೆ ಅದೇ ವರ್ಷ ಡಿಸೆಂಬರ್ 5ರಂದು ರಾಷ್ಟ್ರಪತಿಗಳ ಅಂಕಿತ ದೊರೆಯಿತು. ಉತ್ಪಾದನೆ, ತಯಾರಿಕೆ, ಆಮದು, ರಫ್ತು, ಸಾಗಣೆ, ಮಾರಾಟ, ವಿತರಣೆ ಮತ್ತು ಜಾಹೀರಾತು ಎಲ್ಲವೂ ನಿಷಿದ್ಧ. ಅಂತರ್ಜಾಲದ ಮೂಲಕ ಮಾರುವುದೂ ಇದರಲ್ಲಿ ಸೇರಿದೆ.

ಮೊದಲ ಅಪರಾಧಕ್ಕೆ ಒಂದು ವರ್ಷದವರೆಗೆ ಕಾರಾಗೃಹ ವಾಸ ಅಥವಾ 1 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ಪುನರಾವರ್ತಿತ ಅಪರಾಧಕ್ಕೆ ಮೂರು ವರ್ಷದವರೆಗೆ ಕಾರಾಗೃಹ ವಾಸ ಮತ್ತು 5 ಲಕ್ಷ ರೂಪಾಯಿವರೆಗೆ ದಂಡ. ದಾಸ್ತಾನು ಇಡಲು ಜಾಗ ಒದಗಿಸಿದವರಿಗೂ ಆರು ತಿಂಗಳವರೆಗೆ ಕಾರಾಗೃಹ ವಾಸ ಅಥವಾ 50 ಸಾವಿರ ರೂಪಾಯಿವರೆಗೆ ದಂಡ ಅಥವಾ ಎರಡೂ ಅನ್ವಯವಾಗುತ್ತದೆ. ಕೊಠಡಿ, ಮಳಿಗೆ ಬಾಡಿಗೆಗೆ ಕೊಡುವವರು ಈ ಕೊನೆಯ ಅಂಶವನ್ನು ಗಮನಿಸುವುದು ಒಳಿತು. ಪೊಲೀಸ್ ಸಬ್ ಇನ್ಸ್‌ಪೆಕ್ಟರ್ ಮತ್ತು ಮೇಲ್ಪಟ್ಟ ಅಧಿಕಾರಿಗಳು ಈ ಅಧಿನಿಯಮದ ಅಡಿಯಲ್ಲಿ ಅಧಿಕೃತ ಅಧಿಕಾರಿಗಳಾಗಿರುತ್ತಾರೆ.

ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ನಿಕೋಟಿನ್ ಇಲ್ಲದ, ಬರೀ ಹಣ್ಣಿನ ಪರಿಮಳದ ದ್ರವಕ್ಕೆ ಈ ಕಾನೂನು ಅನ್ವಯವಾಗುತ್ತದೆಯೇ?
ಉತ್ತರ: ಅನ್ವಯವಾಗುತ್ತದೆ. ನಿಕೋಟಿನ್ ಮತ್ತು ಪರಿಮಳ ಇರಲಿ, ಇಲ್ಲದಿರಲಿ, ಯಾವುದೇ ವಸ್ತುವನ್ನು ಕಾಯಿಸಿ ಆವಿಯನ್ನು ಎಳೆದುಕೊಳ್ಳಲು ಮಾಡಿದ ವಿದ್ಯುನ್ಮಾನ ಉಪಕರಣ ಅಧಿನಿಯಮದ ವ್ಯಾಖ್ಯೆಯೊಳಗೆ ಬರುತ್ತದೆ. ಇ-ಹುಕ್ಕಾ ಸಹ ಇದರಲ್ಲಿ ಸೇರಿದೆ. ಔಷಧ ಮತ್ತು ಕಾಂತಿವರ್ಧಕ ಅಧಿನಿಯಮ, 1940ರ ಅಡಿಯಲ್ಲಿ ಪರವಾನಗಿ ಪಡೆದ ಉತ್ಪನ್ನಗಳಿಗೆ ಮಾತ್ರ ವಿನಾಯಿತಿ ಇದೆ.

ಪ್ರಶ್ನೆ: ವಿದೇಶದಲ್ಲಿರುವ ಬಂಧುಗಳು ತಮ್ಮ ಸ್ವಂತ ಬಳಕೆಗೆಂದು ತಂದಲ್ಲಿ?
ಉತ್ತರ: ಅವರ ದೇಶದಲ್ಲಿ ಮಾರಾಟ ಕಾನೂನುಬದ್ಧವಾಗಿದ್ದರೂ ಭಾರತಕ್ಕೆ ಆಮದು ನಿಷಿದ್ಧ. ಊರಿಗೆ ಬರುವ ಮಕ್ಕಳು, ಮೊಮ್ಮಕ್ಕಳಿಗೆ ಪ್ರಯಾಣಕ್ಕೆ ಮುಂಚೆಯೇ ತಿಳಿಸಿದಲ್ಲಿ ವಿಮಾನ ನಿಲ್ದಾಣದಲ್ಲಿ ಮುಜುಗರ ತಪ್ಪುತ್ತದೆ.

ಪ್ರಶ್ನೆ: ಗಾಜಿನ ಅಥವಾ ಪಾಲಿಪ್ರೊಪೈಲೀನ್ ಟ್ಯಾಂಕ್ ಬಳಸಿದಲ್ಲಿ ತೊಂದರೆ ಇಲ್ಲವೆಂದು ಹೇಳುತ್ತಾರಲ್ಲ?
ಉತ್ತರ: ಗಾಜು ಕರಗುವುದಿಲ್ಲ ಎಂಬುದು ನಿಜ. ಟ್ಯಾಂಕ್ ಬದಲಾದ ಮಾತ್ರಕ್ಕೆ ಒಳಗಿನ ದ್ರವ ಬದಲಾಗುವುದಿಲ್ಲ. ಪ್ಲಾಸ್ಟಿಕ್ಕನ್ನು ಸೀಳುವ ಅದೇ ವಸ್ತುಗಳು ಗಾಜಿನ ಟ್ಯಾಂಕಿನಿಂದಲೂ ಆವಿಯಾಗಿ ಶ್ವಾಸಕೋಶಕ್ಕೇ ಹೋಗುತ್ತವೆ. ಒಡೆಯದ ಟ್ಯಾಂಕ್ ಎಚ್ಚರಿಕೆಯ ಗುರುತನ್ನು ಮರೆಮಾಡುತ್ತದೆ, ಅಷ್ಟೇ.

ಪ್ರಶ್ನೆ: ಮನೆಯಲ್ಲಿರುವ ಹಬೆ ಯಂತ್ರಕ್ಕೆ ನೀಲಗಿರಿ ಎಣ್ಣೆ ಹಾಕಬಹುದೇ?
ಉತ್ತರ: ಹಬೆ ಯಂತ್ರಕ್ಕೆ ಈ ನಿಷೇಧ ಅನ್ವಯವಾಗುವುದಿಲ್ಲ, ಅದು ಬರೀ ನೀರು ಕಾಯಿಸುವ ಸಾಧನ. ಆದರೆ ನೀಲಗಿರಿ ಎಣ್ಣೆ, ಕರ್ಪೂರ, ಮೆಂಥಾಲ್ ಹರಳುಗಳು ಪ್ಲಾಸ್ಟಿಕ್ ಭಾಗಗಳನ್ನು ಮೇಲೆ ವಿವರಿಸಿದಂತೆಯೇ ಕೆಡಿಸಬಲ್ಲವು. ಬಿಸಿನೀರಿನ ಪಾತ್ರೆ ಸೀಳಿದಲ್ಲಿ ಸುಟ್ಟಗಾಯವಾಗುತ್ತದೆ. ತಯಾರಕರ ಸೂಚನೆಯಲ್ಲಿ ಅನುಮತಿ ಇದ್ದಲ್ಲಿ ಮಾತ್ರ, ಅದಕ್ಕಾಗಿಯೇ ಇರುವ ಬಟ್ಟಲಿನಲ್ಲಿ ಹಾಕತಕ್ಕದ್ದು. ಆಸ್ತಮಾ ರೋಗಿಗಳು ಬಳಸುವ ನೆಬ್ಯುಲೈಸರ್‌ಗೆ ವೈದ್ಯರು ಬರೆದುಕೊಟ್ಟ ಔಷಧಿಯ ಹೊರತು ಯಾವ ಎಣ್ಣೆಯನ್ನೂ ಹಾಕಬಾರದು.

ಪ್ರಶ್ನೆ: ಮನೆಬಳಕೆಯ ಪ್ಲಾಸ್ಟಿಕ್ ಯಾವ ಬಗೆಯದೆಂದು ತಿಳಿಯುವುದು ಹೇಗೆ?
ಉತ್ತರ: ಪಾತ್ರೆಯ ತಳದಲ್ಲಿರುವ ತ್ರಿಕೋನದೊಳಗಿನ ಅಂಕಿಯನ್ನು ನೋಡುವುದು. 2 ಮತ್ತು 5 ಪಾಲಿಎಥಿಲೀನ್ ಹಾಗೂ ಪಾಲಿಪ್ರೊಪೈಲೀನ್. ಇವು ಹೆಚ್ಚು ತಾಳಿಕೆಯವು. 6 ಪಾಲಿಸ್ಟೈರೀನ್. 7 ಇತರೆ ಎಂದು. ಪಾಲಿಕಾರ್ಬೊನೇಟ್ ಈ ಗುಂಪಿನಲ್ಲಿ ಬರುತ್ತದೆ. 6 ಮತ್ತು 7 ಇರುವ ಪಾತ್ರೆಗಳಲ್ಲಿ ಲವಂಗದ ಎಣ್ಣೆ, ನೀಲಗಿರಿ ಎಣ್ಣೆ, ಕಿತ್ತಳೆ ಎಣ್ಣೆ ಇಡದಿರುವುದು ಕ್ಷೇಮ. ನೀರಿನ 20 ಲೀಟರ್ ಪಾಲಿಕಾರ್ಬೊನೇಟ್ ಕ್ಯಾನನ್ನು ತಿನ್ನರ್, ಸ್ಪಿರಿಟ್ ಮುಂತಾದವುಗಳಿಂದ ಒರೆಸಬಾರದು.

ತ್ಯಜಿಸಲು ನೆರವು

ಮಗನ ಅಥವಾ ಮಗಳ ಬಳಿ ಉಪಕರಣ ಸಿಕ್ಕಿದ ದಿನ ಮನೆಯಲ್ಲಿ ನಡೆಯುವ ಮಾತು ಮುಂದಿನ ದಾರಿಯನ್ನು ಬಹುಮಟ್ಟಿಗೆ ನಿರ್ಧರಿಸುತ್ತದೆ. ನಿಕೋಟಿನ್ ಚಟ ಹಿಡಿಸುವ ವಸ್ತು. ಬೈದ ಮಾತ್ರಕ್ಕೆ ಬಿಡುವಂತಿದ್ದರೆ ಚಿಕಿತ್ಸಾ ಕೇಂದ್ರಗಳ ಅಗತ್ಯವೇ ಇರುತ್ತಿರಲಿಲ್ಲ. ಬಿಟ್ಟ ಮೊದಲ ಕೆಲವು ದಿನಗಳಲ್ಲಿ ಸಿಡುಕು, ನಿದ್ರೆಗೇಡು, ಓದಿನಲ್ಲಿ ಮನಸ್ಸು ನಿಲ್ಲದಿರುವುದು ನಿರೀಕ್ಷಿತ ಎಂಬುದನ್ನು ಮನೆಯವರು ತಿಳಿದಿರಬೇಕು.

ದೇಶದಲ್ಲಿ ತಂಬಾಕು ತ್ಯಜಿಸುವ ಚಿಕಿತ್ಸಾಲಯಗಳು 2002ರಲ್ಲಿ ಮೊದಲಾದವು; ಬೆಂಗಳೂರಿನ ನಿಮ್ಹಾನ್ಸ್ ಮತ್ತು ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಗಳಲ್ಲಿ ಇಂತಹ ಚಿಕಿತ್ಸಾಲಯಗಳಿವೆ. ಎರಡೂ ಜಯನಗರಕ್ಕೂ ಬಿ.ಟಿ.ಎಂ. ಬಡಾವಣೆಗೂ ಹತ್ತಿರ. ರಾಷ್ಟ್ರೀಯ ತಂಬಾಕು ತ್ಯಜಿಸುವ ಸಹಾಯವಾಣಿ 1800-11-2356 ಉಚಿತವಾಗಿದ್ದು, ನಿಮ್ಹಾನ್ಸ್ ಇದರ ಪ್ರಾದೇಶಿಕ ಕೇಂದ್ರಗಳಲ್ಲಿ ಒಂದು. ಕನ್ನಡದಲ್ಲಿಯೇ ಮಾತನಾಡಬಹುದು. ನಿಕೋಟಿನ್ ಚೂಯಿಂಗ್ ಗಮ್ ಮುಂತಾದವುಗಳನ್ನು ವೈದ್ಯರ ಸಲಹೆಯಂತೆ ಮಾತ್ರ ಬಳಸತಕ್ಕದ್ದು.

ಸಿಕ್ಕಿದ ಉಪಕರಣದ ವಿಲೇವಾರಿ

ಒಡೆದ ಉಪಕರಣವನ್ನು ಬರಿಗೈಯಲ್ಲಿ ಮುಟ್ಟಬಾರದು. ರಬ್ಬರ್ ಕೈಗವಸು ತೊಟ್ಟು, ನೆಲದ ಮೇಲೆ ಸುರಿದ ದ್ರವವನ್ನು ಹಳೆಯ ಬಟ್ಟೆ ಅಥವಾ ಕಾಗದದಿಂದ ಒರೆಸಿ, ಜಾಗವನ್ನು ಸೋಪುನೀರಿನಿಂದ ತೊಳೆಯಬೇಕು. ಯಾವ ಸುವಾಸನೆ ಎಂದು ತಿಳಿಯಲು ಮೂಸುವುದಾಗಲಿ, ನಾಲಿಗೆಗೆ ತಾಗಿಸುವುದಾಗಲಿ ಕೂಡದು. ಉಳಿದ ದ್ರವವನ್ನು ಸಿಂಕಿಗೆ, ಚರಂಡಿಗೆ ಅಥವಾ ಗಿಡಗಳ ಬುಡಕ್ಕೆ ಚೆಲ್ಲಬಾರದು.

ಉಪಕರಣವನ್ನು ಮುಚ್ಚಳವಿರುವ ಗಾಜಿನ ಬಾಟಲಿಯಲ್ಲಿ ಅಥವಾ ಸ್ಟೀಲ್ ಡಬ್ಬಿಯಲ್ಲಿ ಹಾಕಿ, ಮಕ್ಕಳ ಕೈಗೆ ಎಟುಕದಂತೆ ಇರಿಸಿ, ಸಮೀಪದ ಪೊಲೀಸ್ ಠಾಣೆಗೆ ಒಪ್ಪಿಸುವುದು ಸೂಕ್ತ. ತೆಳುವಾದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಬಹಳ ದಿನ ಇಟ್ಟಲ್ಲಿ ಆ ಡಬ್ಬಿಗೂ ಟ್ಯಾಂಕಿನ ಗತಿಯೇ ಆಗಬಹುದು. ಮಾರಾಟ ಮಾಡುವ ಅಂಗಡಿ ಅಥವಾ ವ್ಯಕ್ತಿಯ ಬಗ್ಗೆ ದೂರು ನೀಡುವವರು ಸ್ಥಳ, ದಿನಾಂಕ, ಸಮಯ ಹಾಗೂ ಲಭ್ಯವಿದ್ದಲ್ಲಿ ಹಣ ಪಾವತಿಯ ವಿವರಗಳನ್ನು ಬರೆದುಕೊಂಡು ಹೋಗುವುದು.

ಉಪಕರಣದ ಒಳಗೆ ಲಿಥಿಯಂ ಬ್ಯಾಟರಿ ಇರುವುದರಿಂದ ಅದನ್ನು ಹಸಿ ಕಸಕ್ಕಾಗಲಿ, ಒಣ ಕಸಕ್ಕಾಗಲಿ ಸೇರಿಸಬಾರದು. ಕಸದ ವಾಹನದಲ್ಲಿ ಜಜ್ಜಿದ ಲಿಥಿಯಂ ಬ್ಯಾಟರಿ ಹೊತ್ತಿಕೊಳ್ಳುತ್ತದೆ. ಕೈಯಿಂದಲೇ ಕಸ ಬೇರ್ಪಡಿಸುವ ಪೌರಕಾರ್ಮಿಕರ ಬೆರಳುಗಳಿಗೆ ಸೋರಿದ ನಿಕೋಟಿನ್ ತಗಲುತ್ತದೆ. ದ್ರವ ಒರೆಸಿದ ಬಟ್ಟೆ, ಕಾಗದ, ಕೈಗವಸುಗಳನ್ನು ಬೇರೆ ಚೀಲದಲ್ಲಿ ಕಟ್ಟಿ, ಮೇಲೆ ಕೆಂಪು ಗುರುತು ಹಾಕಿ, ಗೃಹಬಳಕೆಯ ಅಪಾಯಕಾರಿ ತ್ಯಾಜ್ಯವೆಂದು ತಿಳಿಸಿಯೇ ಕೊಡತಕ್ಕದ್ದು.